ಗಿರಿಮಾರ್ಗಗಳ ಸಂರಕ್ಷಣೆಯಲ್ಲಿ ಸ್ತ್ರೀಯರು

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಬೆಟ್ಟವನ್ನು ಏರುವವರೆಲ್ಲರೂ ಶಿಖರವನ್ನು ನೋಡುವರು. ಕಾಲಡಿಯ ದಾರಿಯನ್ನು ನೋಡುವವರು ವಿರಳ. ದಾರಿಯೆಂಬುದು ತಾನಾಗಿಯೇ ಹುಟ್ಟಿ, ತಾನಾಗಿಯೇ ಉಳಿದು ಬಂದ ವಸ್ತುವೆಂದು ಸಾಮಾನ್ಯರ ತಿಳಿವಳಿಕೆ. ಹುಟ್ಟುವದೇನೋ ತಾನಾಗಿಯೇ ಹುಟ್ಟಬಹುದು. ಉಳಿಯುವದು ಮಾತ್ರ ಹಾಗಲ್ಲ. ಅದನ್ನು ಉಳಿಸುವದಕ್ಕಾಗಿ ಹಾರೆ ಗುದ್ದಲಿಗಳನ್ನು ಹೆಗಲಿಗೇರಿಸಿಕೊಂಡು, ಮಳೆಗಾಳಿಗಳನ್ನು ಲೆಕ್ಕಿಸದೆ ದುಡಿಯುವ ಒಂದು ಜನವರ್ಗವುಂಟು. ಆ ವರ್ಗದಲ್ಲಿ ಹೆಣ್ಣುಮಕ್ಕಳೂ ಇರುವರೆಂಬುದನ್ನು ಕೇಳಿದಾಗ ಕೆಲವರು ಹುಬ್ಬೇರಿಸುವರು. ಹೊಲದಲ್ಲಿ ಕಳೆ ಕೀಳುವ, ಕೆರೆಯ ಏರಿಗೆ ಮಣ್ಣು ಹೊರುವ, ಕಲ್ಲು ಒಡೆಯುವ ಹೆಂಗಸರನ್ನು ದಿನಾಲು ಕಾಣುವ ನಾಡಿನಲ್ಲಿಯೂ ಈ ಹುಬ್ಬೇರಿಕೆ ನಡೆಯುವದೆಂಬುದೇ ಸೋಜಿಗದ ಸಂಗತಿ. ಇಂದಿನ ವಿಷಯವು ಮುಖ್ಯವಾಗಿ ಇಂಗ್ಲೆಂಡ ದೇಶದ್ದು, ಕೆಲಮಟ್ಟಿಗೆ ಅಮೇರಿಕೆಯದು.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಪ್ರಾಂತವಿದೆ. 1951ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಸ್ಕಾಫೆಲ್ ಪೈಕ್ ಎಂಬ, ಆ ದೇಶದಲ್ಲಿಯೇ ಅತ್ಯುನ್ನತವಾದ ಶಿಖರವು ಅಲ್ಲಿಯೇ ಇರುವದು. ಅದರ ಎತ್ತರ 978 ಮೀಟರು. ಎಂದರೆ ಮುಳ್ಳಯ್ಯನಗಿರಿಯ ಅರ್ಧದಷ್ಟು ಮಾತ್ರ. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ ಲೆಕನ್‌ಫೀಲ್ಡ್ ಎಂಬ ಜಮೀನ್ದಾರನು 1919ರಲ್ಲಿ ಆ ಶಿಖರವನ್ನು ನ್ಯಾಶನಲ್ ಟ್ರಸ್ಟ್ ಎಂಬ ಸಂಸ್ಥೆಗೆ ದಾನವಾಗಿ ಕೊಟ್ಟನು. ಎತ್ತರ ಕಡಿಮೆಯಾದುದರಿಂದಲೇ ಈ ಬೆಟ್ಟಗಳನ್ನು ಏರುವವರ ಸಂಖ್ಯೆ ಅಪಾರ. ವರ್ಷಂಪ್ರತಿ ಒಂದು ಕೋಟಿಗೂ ಬಹಳ ಮಿಕ್ಕಿದ ಯಾತ್ರಿಕರು ಆ ಪ್ರಾಂತಕ್ಕೆ ಬರುವರು. ಎಲ್ಲರೂ ಬೆಟ್ಟ ಹತ್ತುವರೆಂದಲ್ಲ. ಆದರೆ ಹತ್ತುವವರ ಬೂಟುಗಳೇ ಬೆಟ್ಟವನ್ನು ಸವೆಯಿಸಲಿಕ್ಕೆ ಸಾಕು.

ದಾರಿಯು ಹಾಳಾಗುವ ಕ್ರಮವನ್ನು ತುಸು ವಿವರವಾಗಿ ನೋಡತಕ್ಕದ್ದು. ಮೊದಲು ಹುಲ್ಲು ತುಳಿತಕ್ಕೆ ಸಿಕ್ಕು ಸಾಯುವದು. ಹುಲ್ಲು ಸತ್ತ ಮೇಲೆ ಅದರ ಬೇರು ಮಣ್ಣನ್ನು ಹಿಡಿದುಕೊಂಡಿರಲಾರದು. ಬರಿಯ ಮಣ್ಣಿನ ಮೇಲೆ ಮಳೆ ಬಿದ್ದಿತೆಂದರೆ ಕಾಲುದಾರಿಯೇ ಕಾಲುವೆಯಾಗುವದು. ನೀರಿಗೆ ಇಳಿಜಾರು ಸಿಕ್ಕರೆ ಸಾಕು, ಅದು ತನ್ನ ಸಂಗಡ ಮಣ್ಣನ್ನೂ ಹರಳುಗಳನ್ನೂ ಎಳೆದುಕೊಂಡು ಹೋಗಿ ದಾರಿಯನ್ನು ಕೊರಕಲು ಮಾಡುವದು. ಕೊರಕಲಿನಲ್ಲಿ ನಡೆಯಲಾರದ ಪ್ರವಾಸಿಯು ಪಕ್ಕದ ಹುಲ್ಲಿನ ಮೇಲೆ ಕಾಲಿಡುವನು; ಅಲ್ಲಿಯೂ ಹುಲ್ಲು ಸಾಯುವದು. ಹೀಗೆ ಒಂದಾಳು ನಡೆಯುವಷ್ಟಿದ್ದ ದಾರಿಯು ಹತ್ತಾಳು ಸಾಲಾಗಿ ನಡೆಯುವಷ್ಟು ಅಗಲವಾಗಿ, ದೂರದ ಊರಿನಿಂದ ನೋಡಿದರೂ ಬೆಟ್ಟದ ಮೈಮೇಲಣ ಗಾಯದಂತೆ ಕಾಣುವದು. ವಿಚಿತ್ರವೇನೆಂದರೆ, ಈ ಗಾಯವನ್ನು ಮಾಡಿದವರು ಬೆಟ್ಟವನ್ನು ದ್ವೇಷಿಸುವವರಲ್ಲ. ಬಹಳ ಪ್ರೀತಿಸಿ ಅಲ್ಲಿಗೆ ಬಂದವರೇ.

ಕೆಟ್ಟುಹೋಗುವದು ನೋಟವೊಂದೇ ಅಲ್ಲ. ಬೆಟ್ಟದಿಂದ ಇಳಿದ ಮಣ್ಣು ಹಳ್ಳಗಳ ಮುಖಾಂತರ ಸರೋವರವನ್ನು ಸೇರಿ ತಳದಲ್ಲಿ ಕೂಡುವದು. ಆ ಪ್ರಾಂತದ ಬ್ಯಾಸನ್‌ಥ್ವೇಟ್ ಸರೋವರದಲ್ಲಿ ವೆಂಡೇಸ್ ಎಂಬ ಮೀನಿನ ಜಾತಿಯೊಂದಿತ್ತು. ಬ್ರಿಟನ್ನಿನ ಸಿಹಿನೀರಿನ ಮೀನುಗಳಲ್ಲಿ ಅದಕ್ಕಿಂತ ವಿರಳವಾದುದು ಇಲ್ಲವೆನ್ನುವರು. ಅದು ಮೊಟ್ಟೆಯಿಡುವದು ತಳದ ಶುದ್ಧವಾದ ಹರಳುಗಳ ಮೇಲೆ. ಹೊಲಗದ್ದೆಗಳಿಂದಲೂ ಊರುಗಳ ಕೊಳಚೆಯಿಂದಲೂ ಬಂದ ಸತ್ತ್ವದ ಸಂಗಡ, ಮೇಲಿನಿಂದ ಇಳಿದ ಹೂಳೂ ಸೇರಿ ಆ ಹರಳುಗಳನ್ನು ಮುಚ್ಚಿಬಿಟ್ಟಿತು. 2001ರ ತರುವಾಯ ಎಷ್ಟೋ ವರ್ಷ ಆ ಮೀನು ಅಲ್ಲಿ ಕಣ್ಣಿಗೆ ಬೀಳಲಿಲ್ಲ. ಹೂಳೆಲ್ಲವೂ ಕಾಲುದಾರಿಯದೇ ಎಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಕಾಲುದಾರಿಯ ಪಾಲೂ ಅದರಲ್ಲಿತ್ತೆಂದರೆ ಸತ್ಯಕ್ಕೆ ಚ್ಯುತಿಯಿಲ್ಲ.

ಅಲ್ಲಿಯ ಮಳೆಯೂ ಸಾಮಾನ್ಯವಾದುದಲ್ಲ. 2015ನೆಯ ಇಸವಿ ಡಿಸೆಂಬರ 5ರಂದು ಮುಗಿದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಹಾನಿಸ್ಟರ್ ಎಂಬ ಕಣಿವೆಯ ಮೇಲೆ 341.4 ಮಿಲಿಮೀಟರು ಮಳೆ ಸುರಿಯಿತು. ಬ್ರಿಟನ್ನಿನಲ್ಲಿ ಅಷ್ಟು ವೇಳೆಯೊಳಗೆ ಅಷ್ಟು ಮಳೆಯಾದುದು ಹಿಂದೆ ದಾಖಲೆಯಲ್ಲಿ ಇರಲಿಲ್ಲ. ಮಲೆನಾಡಿನ ಆಷಾಢವನ್ನು ಬಲ್ಲವರಿಗೆ ಈ ಅಂಕಿಯು ಹೊಸದೆನಿಸದು. ಆದರೆ ಮಲೆನಾಡಿನಲ್ಲಿ ಆ ನೀರನ್ನು ತಡೆಯಲು ಕಾಡು ಇರುವದು, ಅಲ್ಲಿಯ ಗುಡ್ಡಗಳು ಬಹುತರವಾಗಿ ಬೋಳಾಗಿರುವವು. ಅನೇಕ ವರ್ಷಗಳ ಕೆಲಸವು ಆ ಒಂದು ಬಿರುಗಾಳಿಯಲ್ಲಿ ಅಲ್ಲಲ್ಲಿ ಕೊಚ್ಚಿಹೋಯಿತು. ಚೆನ್ನಾಗಿ ಕಲ್ಲು ಕೂಡ್ರಿಸಿದ ದಾರಿಗಳು ಬಹುಮಟ್ಟಿಗೆ ನಿಂತುಕೊಂಡವು.

ಈ ಕಲ್ಲು ಕೂಡ್ರಿಸುವದೇ ಕೆಲಸದ ಜೀವಾಳ. ಇಂಗ್ಲಿಷರು ಇದನ್ನು ಪಿಚಿಂಗ್ ಎನ್ನುವರು. ಹಿಂದಿನ ಕಾಲದಲ್ಲಿ ಹೇರು ಕುದುರೆಗಳ ದಾರಿಗಳನ್ನು ಕಟ್ಟಿದ ವಿಧಾನವೇ ಇದು, ಹೊಸದಾಗಿ ಕಂಡುಹಿಡಿದುದಲ್ಲ. ಇಳಿಜಾರಿನ ಕೆಳತುದಿಯಿಂದ ಪ್ರಾರಂಭಿಸಿ ಮೇಲಕ್ಕೆ ಹೋಗಬೇಕು. ಒಂದೊಂದು ಕಲ್ಲಿಗೂ ತಕ್ಕ ಗುಂಡಿಯನ್ನು ತೋಡಿ, ಕಲ್ಲಿನ ಬಹುಭಾಗ ನೆಲದೊಳಗೆ ಹೋಗುವಂತೆಯೂ ಅದರ ಸಮವಾದ ಮುಖವು ಮೇಲೆ ಬರುವಂತೆಯೂ ಇಡಬೇಕು. ಹೊರಗೆ ಕಾಣುವದು ಅಂಗೈಯಷ್ಟಾದರೂ ಒಳಗಿರುವದು ಮೊಣಕಾಲಷ್ಟು. ಮುಂದಿನ ಕಲ್ಲು ಹಿಂದಿನದಕ್ಕೆ ಒತ್ತಿಕೊಂಡೇ ಕೂಡ್ರಬೇಕು. ಗೋಡೆಯ ಇಟ್ಟಿಗೆಗಳಲ್ಲಿ ಸಂದು ಸಂದಿನ ಮೇಲೆ ಬಾರದಂತೆ ನೋಡಿಕೊಳ್ಳುವ ಹಾಗೆ ಇಲ್ಲಿಯೂ ಸಂದುಗಳು ನೇರವಾಗಿ ಕೆಳಕ್ಕೆ ಹರಿಯದಂತೆ ನೋಡಿಕೊಳ್ಳಬೇಕು. ಒಂದು ನೇರವಾದ ಸಂದು ಸಿಕ್ಕರೂ ನೀರು ಅದನ್ನೇ ದಾರಿ ಮಾಡಿಕೊಳ್ಳುವದು. ಸಣ್ಣ ಕಲ್ಲುಗಳನ್ನು ಬೆಣೆಯಂತೆ ಜಡಿದು ಎಡೆಗಳನ್ನು ತುಂಬಬೇಕು. ಸುಣ್ಣಗಾರೆ, ಸಿಮೆಂಟುಗಳ ಸೋಂಕು ಇಲ್ಲ. ನಡುನಡುವೆ ಅಡ್ಡಗಾಲುವೆಗಳನ್ನು ಕಲ್ಲಿನಿಂದಲೇ ಕಟ್ಟಿ ನೀರನ್ನು ದಾರಿಯಿಂದ ಹೊರಕ್ಕೆ ತಿರುಗಿಸಬೇಕು. ಕಡೆಗೆ ಎರಡೂ ಮಗ್ಗುಲುಗಳಲ್ಲಿ ದೊಡ್ಡ ಗುಂಡುಗಳನ್ನು ಸಹಜವಾಗಿ ಬಿದ್ದುಕೊಂಡಿರುವಂತೆ ಇಟ್ಟು, ಹುಲ್ಲಿನ ಹೆಂಟೆಗಳನ್ನು ಹೊದಿಸಿ, ಜನರು ದಾರಿಯನ್ನು ಬಿಟ್ಟು ನಡೆಯದಂತೆ ಮಾಡಬೇಕು. ಯಾರಿಗೂ ಗೊತ್ತಾಗದಂತೆ ಅವರನ್ನು ದಾರಿಯಲ್ಲಿ ಹಿಡಿದಿಡುವ ಈ ಉಪಾಯವು ಬೋರ್ಡು ಬರೆದು ನಿಲ್ಲಿಸುವದಕ್ಕಿಂತ ಎಷ್ಟೋ ಮೇಲು.

ಕಲ್ಲನ್ನು ಸಮೀಪದ ಜರುಗುಗಲ್ಲುಗಳ ರಾಶಿಗಳಿಂದ ಆರಿಸುವರು. ಬೇರೆ ಬೆಟ್ಟದ ಕಲ್ಲು ತಂದರೆ ಬಣ್ಣ ಒಗ್ಗದು. ಆರಿಸಿದ ಕಲ್ಲನ್ನು ದೊಡ್ಡ ಚೀಲಗಳಲ್ಲಿ ತುಂಬಿ ಹೆಲಿಕಾಪ್ಟರಿನಿಂದ ಜೋತುಬಿಟ್ಟು ದಾರಿಯ ಬದಿಗೆ ಇಳಿಸುವರು. ಚೀಲವೊಂದರ ತೂಕ ಹೆಚ್ಚುಕಡಿಮೆ ಒಂದು ಟನ್ನಿನಷ್ಟಾಗುವದು. ಅಲ್ಲಿಂದ ಮುಂದಿನದೆಲ್ಲವೂ ಮನುಷ್ಯರ ಕೈಯ ಕೆಲಸ.

ಇಲ್ಲಿಯೇ ಸ್ತ್ರೀಯರ ವಿಷಯದಲ್ಲಿ ಮೊದಲನೆಯ ಆಕ್ಷೇಪವು ಎದ್ದು ಬರುವದು. ಇಂಥ ಕಲ್ಲುಗಳನ್ನು ಹೆಣ್ಣು ಎತ್ತಬಲ್ಲಳೇ? ಇದಕ್ಕೆ ನೇರವಾದ ಉತ್ತರವೆಂದರೆ, ಗಂಡಸೂ ಎತ್ತಲಾರನು, ಎತ್ತತಕ್ಕದ್ದೂ ಅಲ್ಲ. ಇನ್ನೂರು ಕಿಲೋ ತೂಗುವ ಬಂಡೆಯನ್ನು ತೋಳಬಲದಿಂದ ಎತ್ತಹೋದವನು ಬೆನ್ನು ಮುರಿದುಕೊಂಡು ಮನೆ ಸೇರುವನು. ಬಂಡೆಯನ್ನು ಎತ್ತುವದಿಲ್ಲ, ನಡೆಯಿಸುವರು. ಹಾರೆಯ ತುದಿಯನ್ನು ಅದರ ಅಡಿಗೆ ಕೊಟ್ಟು, ಹಿಂದೆ ಒಂದು ಸಣ್ಣ ಕಲ್ಲನ್ನು ಆನಿಕೆಯಾಗಿಟ್ಟು, ಹಾರೆಯ ಹಿಡಿಯನ್ನು ಒತ್ತಿದರೆ ಬಂಡೆಯು ಒಂದು ಬೆರಳಷ್ಟು ಏಳುವದು. ಆ ಎಡೆಯಲ್ಲಿ ಒಂದು ಹರಳನ್ನು ನೂಕಿ, ಮತ್ತೊಂದು ಮೂಲೆಗೆ ಹೋಗಿ ಮತ್ತೆ ಒತ್ತುವರು. ಹೀಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರಳಿಸುತ್ತ ಬಂಡೆಯನ್ನು ಅದರ ಗುಂಡಿಗೆ ತಂದು ಬಿಡುವರು. ಇದರಲ್ಲಿ ಬೇಕಾದುದು ತೂಕ ಎಲ್ಲಿರುವದೆಂಬುದನ್ನು ಕಣ್ಣಳತೆಯಿಂದ ಕಾಣುವ ಬುದ್ಧಿ, ಅವಸರಪಡದ ಮನಸ್ಸು, ಕಾಲನ್ನು ಎಲ್ಲಿಡಬಾರದೆಂಬ ಎಚ್ಚರ. ತೋಳಬಲವು ಬೇಡವೇ ಬೇಡವೆಂದಲ್ಲ. ದಿನವೆಲ್ಲ ಗುದ್ದಲಿ ಹಿಡಿದು ಕಲ್ಲುನೆಲವನ್ನು ತೋಡಲಿಕ್ಕೆ ಬಲ ಬೇಕೇಬೇಕು. ಆದರೆ ಅದು ದುಡಿಯುತ್ತ ದುಡಿಯುತ್ತ ಬರುವ ಬಲ. ಬಲವನ್ನು ನೆಚ್ಚಿದ ದೊಡ್ಡಾಳು ಅದನ್ನೇ ಬೇಗ ಖರ್ಚು ಮಾಡಿ ಕುಳಿತುಕೊಳ್ಳುವನು. ಅದನ್ನು ನೆಚ್ಚಲಾರದವಳು ಹಾರೆಯ ವಿದ್ಯೆಯನ್ನು ಮೊದಲೇ ಕಲಿತಿರುವಳು.

ಆದರೂ ಈ ಕೆಲಸದಲ್ಲಿ ಹೆಣ್ಣಿಗೆ ಕಷ್ಟವೇ ಇಲ್ಲವೆಂದು ಹೇಳುವವರು ಅದನ್ನು ಮಾಡಿದವರಲ್ಲ. ಕೆಲಸದ ಸ್ಥಳವನ್ನು ಮುಟ್ಟಲಿಕ್ಕೆ ಒಂದೆರಡು ತಾಸು ಬೆಟ್ಟ ಹತ್ತಬೇಕು, ಬೆನ್ನ ಮೇಲೆ ಊಟ, ನೀರು, ಮಳೆಯಂಗಿ, ಕೈಯಲ್ಲಿ ಹಾರೆ. ಹಾರೆಯ ತೂಕವು ಗಂಡಿಗೊಂದು ಹೆಣ್ಣಿಗೊಂದು ಆಗಿರುವದಿಲ್ಲ. ಕೈಚೀಲ, ಬೂಟು, ಮಳೆಯಂಗಿಗಳು ಬಹುಕಾಲ ಗಂಡಸರ ಅಳತೆಗೇ ತಯಾರಾಗುತ್ತಿದ್ದವು. ಬೆರಳುಗಳ ತುದಿಯಲ್ಲಿ ಜೋತಾಡುವ ಕೈಚೀಲವನ್ನು ತೊಟ್ಟು ಕಲ್ಲಿನ ಸಂದಿಯಲ್ಲಿ ಕೈಯಿಡುವದು ಅನಾನುಕೂಲವಷ್ಟೇ ಅಲ್ಲ, ಅಪಾಯ. ಗುಡ್ಡದ ಮೇಲೆ ಮರೆಯೆಂಬುದಿಲ್ಲ, ಮರವಿಲ್ಲ, ಗೋಡೆಯಿಲ್ಲ. ತಿಂಗಳ ದಿನಗಳಲ್ಲಿ, ಗಾಳಿಮಳೆಯಲ್ಲಿ, ನಾಲ್ಕೈದು ಗಂಡಸರ ನಡುವೆ ಒಬ್ಬಳೇ ಹೆಣ್ಣಾಗಿ ಎಂಟು ತಾಸು ಕಳೆಯುವದು ಹೇಗೆಂಬುದನ್ನು ಕೆಲಸದ ನಿಯಮಾವಳಿಯನ್ನು ಬರೆದವರು ಬಹುದಿನ ಆಲೋಚಿಸಿರಲಿಲ್ಲ. ಸಭೆಯಲ್ಲಿ ಇಂಥ ಮಾತು ಏತಕ್ಕೆಂದು ಕೆಲವರಿಗೆ ಅನಿಸಬಹುದು. ಮಾತಾಡದೆ ಇದ್ದುದರಿಂದಲೇ ಎಷ್ಟೋ ಜನ ಹೆಣ್ಣುಮಕ್ಕಳು ಪ್ರೀತಿಸಿದ ಕೆಲಸವನ್ನು ಬಿಟ್ಟು ಹೋಗಬೇಕಾಗುವದು.

ಇನ್ನೊಂದು ತರದ ಕಷ್ಟವು ಸಣ್ಣದು, ಆದರೆ ದಿನಾಲು ಬರುವಂಥದು. ದಾರಿಯಲ್ಲಿ ಹೋಗುವವರು ನಿಂತು ಕೆಲಸದ ವಿಷಯ ಕೇಳುವರು. ಪ್ರಶ್ನೆಯನ್ನು ಮಾತ್ರ ಪಕ್ಕದಲ್ಲಿರುವ ಗಂಡಸಿಗೆ ಕೇಳುವರು. ಅವನು ಬಂದು ವಾರವೊಂದಾಗಿರಬಹುದು, ಕಲಿಸುತ್ತಿರುವವಳು ಅವಳೇ ಇರಬಹುದು. ಮತ್ತೆ ಕೆಲವರು ಒಳ್ಳೆಯ ಮನಸ್ಸಿನಿಂದಲೇ, ಇಷ್ಟು ಭಾರದ ಕೆಲಸವನ್ನು ಹೆಂಗಸಿಗೆ ಹಚ್ಚಬಾರದೆಂದು ಮರುಗುವರು. ಈ ಮರುಕವನ್ನು ಸಹಿಸುವದಕ್ಕಿಂತ ಕಲ್ಲನ್ನು ಹೊರಳಿಸುವದೇ ಹಗುರವೆನಿಸುವ ದಿನಗಳೂ ಉಂಟು.

ಹಾಗೆ ನೋಡಿದರೆ ಆ ಬೆಟ್ಟಗಳು ಸಾರ್ವಜನಿಕರ ಪಾಲಿಗೆ ಉಳಿದುದರಲ್ಲಿ ಹೆಣ್ಣಿನ ಕೈ ಮೊದಲಿನಿಂದಲೂ ಇದೆ. ನ್ಯಾಶನಲ್ ಟ್ರಸ್ಟನ್ನು 1895ರಲ್ಲಿ ಸ್ಥಾಪಿಸಿದ ಮೂವರಲ್ಲಿ ಆಕ್ಟೇವಿಯಾ ಹಿಲ್ ಒಬ್ಬಳು. ಲಂಡನ್ನಿನ ಬಡವರ ಮನೆಗಳನ್ನು ಸುಧಾರಿಸುವದರಲ್ಲಿ ಆಯುಷ್ಯವನ್ನು ಸವೆಯಿಸಿದ ಈಕೆಯು, ಬಡವನಿಗೆ ಸೂರು ಎಷ್ಟು ಅಗತ್ಯವೋ ಬಯಲೂ ಕಾಲುದಾರಿಯೂ ಅಷ್ಟೇ ಅಗತ್ಯವೆಂದು ಸಾಧಿಸಿದಳು. ಡರ್ವೆಂಟ್‌ವಾಟರ್ ಸರೋವರದ ದಡದಲ್ಲಿಯ ಬ್ರಾಂಡಲ್‌ಹೌ ಎಂಬ 108 ಎಕರೆ ಭೂಮಿಯನ್ನು ಜನರಿಂದ 6,500 ಪೌಂಡುಗಳನ್ನು ಕೂಡಿಸಿ 1902ರಲ್ಲಿ ಟ್ರಸ್ಟಿಗೆ ಕೊಳ್ಳಲಾಯಿತು. ಸರೋವರಪ್ರಾಂತದಲ್ಲಿ ಟ್ರಸ್ಟಿನ ಮೊದಲ ಆಸ್ತಿಯೇ ಅದು. ಇಷ್ಟೆಲ್ಲ ಮಾಡಿದ ಈ ಮಹಿಳೆಯು ಸ್ತ್ರೀಯರಿಗೆ ಮತದಾನದ ಹಕ್ಕು ಬೇಡವೆಂದು 1910ರಲ್ಲಿ ಪತ್ರಿಕೆಗೆ ಬರೆದಳೆಂಬುದೂ ಇತಿಹಾಸದಲ್ಲಿ ಇರುವ ಸಂಗತಿಯೇ. ದೊಡ್ಡವರ ಬಾಳನ್ನು ಬೇಕಾದಷ್ಟನ್ನೇ ಕತ್ತರಿಸಿ ಇಟ್ಟುಕೊಳ್ಳುವದು ಸರಿಯಲ್ಲ.

ಮಕ್ಕಳ ಕಥೆಗಳಿಂದ ಲೋಕಪ್ರಸಿದ್ಧಳಾದ ಬೀಟ್ರಿಕ್ಸ್ ಪಾಟರಳು ಪುಸ್ತಕಗಳಿಂದ ಬಂದ ಹಣದಲ್ಲಿ ಅದೇ ಪ್ರಾಂತದ ಹೊಲಮನೆಗಳನ್ನು ಒಂದೊಂದಾಗಿ ಕೊಂಡಳು. 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಮಿಕ್ಕಿದ ಭೂಮಿಯನ್ನು ಟ್ರಸ್ಟಿಗೆ ಬಿಟ್ಟುಹೋದಳು. ಹರ್ಡ್‌ವಿಕ್ ಎಂಬ ಅಲ್ಲಿಯ ಒರಟು ಉಣ್ಣೆಯ ಕುರಿತಳಿಯನ್ನು ಉಳಿಸುವದು ಅವಳ ಹವ್ಯಾಸವಾಗಿತ್ತು; ಆ ಕುರಿಗಾರರ ಸಂಘಕ್ಕೆ ಅಧ್ಯಕ್ಷಳಾಗಿ ಆರಿಸಲ್ಪಟ್ಟು, ಅಧಿಕಾರ ವಹಿಸಿಕೊಳ್ಳುವ ಮೊದಲೇ ಅವಳು ತೀರಿಕೊಂಡಳು. ಆ ಉಣ್ಣೆಗೆ ಈಚೆಗೆ ಬೆಲೆಯೇ ಇಲ್ಲದಂತಾಗಿ, ಕತ್ತರಿಸುವ ಕೂಲಿಯೂ ಹುಟ್ಟದಾಯಿತು. ಜೌಗುನೆಲದ ಮೇಲೆ ದಾರಿ ಮಾಡುವಾಗ ಕಲ್ಲುಹರಳು ಕೆಸರಿನಲ್ಲಿ ಹೂತುಹೋಗದಂತೆ ಅಡಿಯಲ್ಲಿ ಕುರಿಯ ಉಣ್ಣೆಯನ್ನು ಹಾಸುವ ಹಳೆಯ ಪದ್ಧತಿಯೊಂದುಂಟು; ದಾರಿಯ ಕೆಲಸದವರು ಅದನ್ನು ಮತ್ತೆ ಕೈಕೊಂಡಿರುವರು.

ಅಮೇರಿಕೆಯಲ್ಲಿ ಕಥೆಯು ಬೇರೆ ತರದ್ದು. ದೊಡ್ಡ ಆರ್ಥಿಕ ಮುಗ್ಗಟ್ಟಿನ ಕಾಲಕ್ಕೆ, 1933ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟನು ನಿರುದ್ಯೋಗಿ ತರುಣರಿಗಾಗಿ ಒಂದು ದಳವನ್ನು ನಿರ್ಮಿಸಿದನು. 1942ರ ವರೆಗೆ ಸುಮಾರು ಮೂವತ್ತು ಲಕ್ಷ ಜನ ಅದರಲ್ಲಿ ಸೇರಿ ಗಿಡ ನೆಟ್ಟರು, ಬೆಟ್ಟಗಳಲ್ಲಿ ದಾರಿ ಕಡಿದರು. ತಿಂಗಳಿಗೆ 30 ಡಾಲರು ಸಂಬಳ. ಅದರಲ್ಲಿ 25 ಮನೆಗೆ. ಇವರೆಲ್ಲರೂ ಗಂಡಸರೇ. ನಿರುದ್ಯೋಗವು ಹೆಂಗಸರಿಗೂ ಇರಲಿಲ್ಲವೇ ಎಂದು ಅಧ್ಯಕ್ಷನ ಪತ್ನಿ ಎಲಿನಾರ್ ರೂಸ್‌ವೆಲ್ಟಳು ಹಟ ಹಿಡಿದುದರಿಂದ ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನದ ಬೇರ್ ಮೌಂಟನ್ ಎಂಬಲ್ಲಿ ಹೆಣ್ಣುಮಕ್ಕಳ ಶಿಬಿರವೊಂದು ಪ್ರಾರಂಭವಾಯಿತು. ಪತ್ರಿಕೆಗಳು ಅದಕ್ಕೆ ಗಂಡಸರ ದಳದ ಹೆಸರನ್ನೇ ತಿರುಚಿ “ಶೀ-ಶೀ-ಶೀ” ಎಂದು ಹೆಸರಿಟ್ಟು ನಕ್ಕವು. 1937ರಲ್ಲಿ ಇಂಥ ಶಿಬಿರಗಳನ್ನೆಲ್ಲ ಮುಚ್ಚುವ ಹೊತ್ತಿಗೆ ಅವುಗಳ ಪ್ರಯೋಜನ ಪಡೆದ ಹೆಂಗಸರು ಸುಮಾರು 8,500. ಮೂವತ್ತು ಲಕ್ಷವೆಲ್ಲಿ, ಎಂಟೂವರೆ ಸಾವಿರವೆಲ್ಲಿ! ಆ ಶಿಬಿರಗಳಲ್ಲಿ ಪಾಠಗಳಿದ್ದವು, ಮನೆಗೆಲಸದ ತರಬೇತಿಯಿತ್ತು. ಬೆಟ್ಟದ ಕೆಲಸವೆಂಬುದು ಇಲ್ಲವೆಂಬಷ್ಟು ಸ್ವಲ್ಪ.

ಬಾಗಿಲು ತೆರೆದುದು ಒಬ್ಬ ವಿದ್ಯಾರ್ಥಿನಿಯಿಂದ. ಯುದ್ಧಾನಂತರ ಉದ್ಯಾನಗಳಿಗೆ ಜನಸಾಗರವೇ ಬಂದು, ದುರಸ್ತಿಗೆ ಹಣವಿಲ್ಲದೆ ದಾರಿಗಳು ಹಾಳಾಗಿದ್ದವು. ಉದ್ಯಾನಗಳನ್ನು ಮುಚ್ಚಿಯೇಬಿಡೋಣವೆಂದು ಡಿವೋಟೋ ಎಂಬ ಲೇಖಕನು 1953ರಲ್ಲಿ ಸಿಟ್ಟಿನಿಂದ ಬರೆದನು. ಅದನ್ನೋದಿದ ವಾಸರ್ ಕಾಲೇಜಿನ ಎಲಿಜಬೆತ್ ಕುಶ್‌ಮನ್ ಟೈಟಸಳು, ಮುಚ್ಚುವದೇಕೆ, ವಿದ್ಯಾರ್ಥಿಗಳೇ ಹೋಗಿ ದುಡಿಯಲಿ ಎಂದು 1955ರಲ್ಲಿ ತನ್ನ ಪದವಿಯ ಪ್ರಬಂಧವನ್ನು ಬರೆದಳು. ಪ್ರಬಂಧಗಳು ಸಾಮಾನ್ಯವಾಗಿ ಕಪಾಟಿನಲ್ಲಿ ಧೂಳು ತಿನ್ನುವವು. ಈಕೆಯು ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಪಡುವಣ ಉದ್ಯಾನಗಳಿಗೆ ತಾನೇ ಹೋಗಿ ಅಧಿಕಾರಿಗಳನ್ನು ಕಂಡಳು. 1957ರಲ್ಲಿ ಒಲಿಂಪಿಕ್ ಮತ್ತು ಗ್ರಾಂಡ್ ಟೀಟನ್ ಉದ್ಯಾನಗಳಲ್ಲಿ ವಿದ್ಯಾರ್ಥಿಗಳ ಮೊದಲ ತಂಡಗಳು ಕೆಲಸಕ್ಕಿಳಿದವು. 2010ರಲ್ಲಿ ಅಧ್ಯಕ್ಷ ಒಬಾಮನು ಅವಳನ್ನು ಕರೆದು ಪದಕವನ್ನಿತ್ತನು.

ಸಂಬಳಕ್ಕಾಗಿ ಈ ಕೆಲಸವನ್ನೇ ವೃತ್ತಿಯಾಗಿ ಹಿಡಿದ ಹೆಣ್ಣಿನ ಬರಹವನ್ನು ಓದಬೇಕೆಂದರೆ ಕ್ರಿಸ್ಟೀನ್ ಬೈಲ್ ಎಂಬಾಕೆಯ “ಡರ್ಟ್ ವರ್ಕ್” ಎಂಬ ಪುಸ್ತಕವಿದೆ, 2013ರಲ್ಲಿ ಅಚ್ಚಾಯಿತು. ಕಾಲೇಜು ಮುಗಿಸಿದ ಈಕೆಯು ಮೊಂಟಾನಾದ ಗ್ಲೇಶಿಯರ್ ಉದ್ಯಾನದಲ್ಲಿ ದಾರಿಯ ಕೆಲಸಕ್ಕೆ ಸೇರಿ, ಆ ಮೇಲೆ ಅಲಾಸ್ಕಾದಲ್ಲಿ ಅದನ್ನೇ ಮುಂದುವರಿಸಿದಳು. ಕೊಡಲಿ, ಹಾರೆ, ಸನಿಕೆಗಳ ಹೆಸರಿನಿಂದಲೇ ಪುಸ್ತಕದ ಭಾಗಗಳು ನಡೆಯುವವು. ಓದುಬರಹ ಬಲ್ಲವಳು ಮೈಮುರಿಯುವ ಕೆಲಸಕ್ಕೆ ಹೋದಳೇಕೆಂದು ಕೇಳುವವರಿಗೆ, ಕೈಯ ಕೆಲಸವೂ ಒಂದು ವಿದ್ಯೆಯೇ ಎಂದು ಆ ಪುಸ್ತಕವು ಪುಟಪುಟದಲ್ಲಿಯೂ ತೋರಿಸಿಕೊಡುವದು.

ಮತ್ತೆ ಸರೋವರಪ್ರಾಂತಕ್ಕೆ ಬರೋಣ. ಅಲ್ಲಿ ನ್ಯಾಶನಲ್ ಟ್ರಸ್ಟ್, ಉದ್ಯಾನದ ಅಧಿಕಾರಮಂಡಲ ಮೊದಲಾದವರು ಕೂಡಿ “ಫಿಕ್ಸ್ ದಿ ಫೆಲ್ಸ್” ಎಂಬ ಹೆಸರಿನಿಂದ ಈ ಕೆಲಸವನ್ನು ನಡೆಸುತ್ತಿರುವರು. ಸಂಬಳದ ಕೆಲಸಗಾರರು ಕಲ್ಲು ಕೂಡ್ರಿಸುವರು. ಅವರ ಜೊತೆಗೆ ಬಹುಸಂಖ್ಯೆಯ ಸ್ವಯಂಸೇವಕರಿರುವರು. ಕಲ್ಲುದಾರಿಗಳಿಂದ ಬೆಟ್ಟದ ಸಹಜತೆ ಕೆಟ್ಟಿತೆಂದು ಗೊಣಗುವವರೂ ಇಲ್ಲದಿಲ್ಲ. ಹೊಸದಾಗಿ ಕಟ್ಟಿದ ದಾರಿಯು ಒಂದೆರಡು ವರ್ಷ ಮೆಟ್ಟಲುಗಳಂತೆ ಎದ್ದು ಕಾಣುವದು, ಇಳಿಯುವವರ ಮೊಣಕಾಲಿಗೆ ನೋವು ಕೊಡುವದು ಎಂಬುದು ಸುಳ್ಳಲ್ಲ. ಆದರೆ ಆಯ್ಕೆಯಿರುವದು ಕಲ್ಲುದಾರಿಗೂ ಹಸುರು ಹುಲ್ಲಿಗೂ ನಡುವೆ ಅಲ್ಲ. ಕಲ್ಲುದಾರಿಗೂ ಕೊರಕಲಿಗೂ ನಡುವೆ. ಕೆಲವು ವರ್ಷಗಳ ಮೇಲೆ ಕಲ್ಲಿನ ಮೇಲೆ ಪಾಚಿ ಹತ್ತಿ, ಮಗ್ಗುಲಿನ ಹುಲ್ಲು ಸಂದುಗಳ ತನಕ ಬಂದಾಗ, ಇದನ್ನು ಯಾರಾದರೂ ಕಟ್ಟಿದರೆಂಬುದೇ ಹೊಳೆಯುವದಿಲ್ಲ. ಕೆಲಸವು ಚೆನ್ನಾದಷ್ಟೂ ಕೆಲಸದವಳು ಕಾಣದೆ ಹೋಗುವಳು. ಈ ವೃತ್ತಿಯಲ್ಲಿ ಇರುವವರಿಗೆ ಇದು ಹೊಸ ಮಾತಲ್ಲ.

ಆ ಸ್ವಯಂಸೇವಕರಿಗೆ ಮೊದಲು ಕೊಟ್ಟ ಹೆಸರು “ಲೆಂಗ್ತ್ಸ್‌ಮನ್”. ಹಿಂದೆ ರಸ್ತೆಯ ಒಂದಿಷ್ಟು ಉದ್ದವನ್ನು ಒಬ್ಬೊಬ್ಬನಿಗೆ ವಹಿಸಿಕೊಡುತ್ತಿದ್ದರು. ಆ ಉದ್ದದ ಗಟಾರು, ಬೇಲಿ, ಗುಂಡಿಗಳೆಲ್ಲವೂ ಅವನ ಹೊಣೆ. ಆ ಹಳೆಯ ಹೆಸರನ್ನೇ ಬೆಟ್ಟಕ್ಕೂ ತಂದರು. ಹೆಸರಿನ ಕೊನೆಯಲ್ಲಿ ಗಂಡಸನ್ನು ಹೇಳುವ ಶಬ್ದವಿತ್ತು. ಸನಿಕೆ ಹಿಡಿದು ಹೊರಟವರಲ್ಲಿ ಹೆಂಗಸರಿದ್ದರು. ಅವರ ಕೆಲಸದಲ್ಲಿ ಬೆರಗುಗೊಳಿಸುವಂಥದು ಏನೂ ಇಲ್ಲ. ನೇಮಿಸಿದ ದಾರಿಯನ್ನು ಏರುತ್ತ ಹೋಗುವರು. ಅಡ್ಡಗಾಲುವೆಯೊಂದು ಬಂದಲ್ಲಿ ನಿಂತು, ಅದರಲ್ಲಿ ತುಂಬಿದ ಹರಳನ್ನೂ ಕೆಸರನ್ನೂ ಸನಿಕೆಯಿಂದ ತೆಗೆದು ಕೆಳಮಗ್ಗುಲಿಗೆ ಚೆಲ್ಲುವರು, ಸಡಿಲವಾದ ಕಲ್ಲನ್ನು ಕಾಲಿನಿಂದ ಒತ್ತಿ ನೋಡುವರು, ಮುಂದಿನದಕ್ಕೆ ಹೋಗುವರು. ಒಂದು ದಿನದಲ್ಲಿ ಇಂಥ ಕಾಲುವೆಗಳು ಎಷ್ಟೋ ಬರುವವು. ಬಿಡದೆ ಮಳೆ ಹೊಡೆದ ವಾರದ ತರುವಾಯ ಅವೆಲ್ಲ ಮತ್ತೆ ತುಂಬಿರುವವು, ಅವರು ಮತ್ತೆ ಬರುವರು.